ತುಮಕೂರಿನ ಡ್ರೈವಿಂಗ್ ಸ್ಕೂಲೊಂದರಲ್ಲಿ ಕಾರು ಕಲಿತ ಮೇಲೆ

ನಮ್ಮ ಕಡೆಯ ರಸ್ತೆಗಳಲ್ಲಿ ವಾಹನ ಓಡಿಸುವವರ ನಡವಳಿಕೆಯನ್ನು ಬೈಯದವರಿಲ್ಲ. ಆದರೆ ಆ ನಡವಳಿಕೆಯನ್ನು ಅವರು ಎಲ್ಲಿ ಕಲಿತರು ಎಂಬುದನ್ನು ನಾನು ಯೋಚಿಸತೊಡಗಿದ್ದು, ಬಹಳ ವರ್ಷ ಬೈಕ್ ಓಡಿಸಿದ ಬಳಿಕ ಕಾರು ಕಲಿಯಲೆಂದು ತುಮಕೂರಿನ ಡ್ರೈವಿಂಗ್ ಸ್ಕೂಲೊಂದಕ್ಕೆ ಸೇರಿದಾಗ. ಸ್ಕೂಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ದೂರಿನ ಬಹುಪಾಲು ಬೇರೆ ಸ್ಕೂಲುಗಳಲ್ಲಿ ಕಲಿತ ಗೆಳೆಯರ ಅನುಭವಕ್ಕೂ ಹೊಂದುತ್ತದೆಯಾದ್ದರಿಂದ ಒಬ್ಬರನ್ನೇ ಎತ್ತಿ ತೋರಿಸುವುದು ನ್ಯಾಯವಲ್ಲ.

ಮೊದಲು ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಹೇಳಿದ ಹೊತ್ತಿಗೆ ಕಾರು ಮನೆಯ ಮುಂದೆ ಬರುತ್ತಿತ್ತು. ಹಳೆಯ ಕಾರಾದರೂ ಕಲಿಸುವವರ ಕಾಲಿನ ಕೆಳಗೂ ಬ್ರೇಕ್ ಮತ್ತು ಕ್ಲಚ್ ಸರಿಯಾಗಿ ಕೆಲಸ ಮಾಡುತ್ತಿದ್ದವು. ಕಲಿಸುವವರು ಐವತ್ತರ ಆಸುಪಾಸಿನ, ಒಮ್ಮೆಯೂ ದನಿ ಏರಿಸದ ಮನುಷ್ಯ. ಗಾಡಿ ಎಷ್ಟು ಸಲ ಆಫ್ ಆದರೂ ‘ಪರವಾಗಿಲ್ಲ ಸಾರ್, ಇನ್ನೊಂದ್ಸಲ ಎತ್ತಿ’ ಎನ್ನುತ್ತಿದ್ದರು. ನಾಮದ ಚಿಲುಮೆಯ ಕಡೆಯಿಂದ ದೇವರಾಯನದುರ್ಗಕ್ಕೆ ಹತ್ತುವ ರಸ್ತೆಯಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಡುವ ಗಳಿಗೆಯಲ್ಲಿ ಎಂಜಿನ್ನಿನ ದನಿ ಹೇಗೆ ತಗ್ಗುತ್ತದೆ, ಆಗ ಕ್ಲಚ್ಚಿನ ಮೇಲಿನ ಕಾಲು ಎಲ್ಲಿರಬೇಕು ಎಂಬುದನ್ನು ಅವರು ಹೇಳಿಕೊಟ್ಟ ರೀತಿಗೆ ಪೂರ್ತಿ ಅಂಕ ಕೊಡಬೇಕು. ಇಂದಿಗೂ ಏರಿನಲ್ಲಿ ನನ್ನ ಕಾರು ಒಂದು ಗೇಣೂ ಹಿಂದಕ್ಕೆ ಸರಿಯುವುದಿಲ್ಲ.

ಅದೇ ಏರಿನಲ್ಲಿಯೇ ಮೊದಲ ತಕರಾರೂ ಹುಟ್ಟಿತು. ಇಳಿಯುವಾಗ ಒಂದು ಕಿರಿದಾದ ತಿರುವಿನಲ್ಲಿ ಕೆಳಗಿನಿಂದ ವ್ಯಾನೊಂದು ಹತ್ತಿ ಬರುತ್ತಿತ್ತು. ಬೆಟ್ಟದ ಕಿರಿದಾದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬುದು ನಿಯಮ. ಅರ್ಧ ಏರಿನಲ್ಲಿ ನಿಂತ ತುಂಬಿದ ಗಾಡಿಯನ್ನು ಮತ್ತೆ ಎತ್ತುವುದು ಎಷ್ಟು ಕಷ್ಟವೆಂಬುದನ್ನು ಅರೆಗಳಿಗೆಯ ಹಿಂದಷ್ಟೇ ಅವರೇ ನನಗೆ ತೋರಿಸಿದ್ದರು. ಆದರೆ ಈಗ ಅವರು ಹೇಳಿದ್ದು, ‘ಡಿಪ್ ಹೊಡೀರಿ ಸಾರ್, ಅವನೇ ನಿಲ್ಲಿಸ್ತಾನೆ’ ಎಂದು. ನಾವು ಲೈಟು ಮಿನುಗಿಸಿ ‘ನೀನು ಬಾ’ ಎಂದು ಹೇಳುವುದಿಲ್ಲ, ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎನ್ನುತ್ತೇವೆ. ಇದನ್ನು ಜಿಲ್ಲೆಯ ಪ್ರತಿ ಕಿರುಸೇತುವೆಯ ಮೇಲೆ ಎರಡೂ ಕಡೆಯವರು ಒಟ್ಟಿಗೇ ಮಾಡುತ್ತಿರುತ್ತಾರೆ.

ಎರಡನೆಯದು ನಾಲ್ಕೂ ಇಂಡಿಕೇಟರುಗಳನ್ನು ಒಟ್ಟಿಗೆ ಹಾಕುವ ಪಾಠ. ಟೌನ್‌ಹಾಲ್ ವೃತ್ತದ ಹತ್ತಿರ ಬರುತ್ತಿದ್ದಂತೆ, ‘ನೇರ ಹೋಗೋದಾದ್ರೆ ನಾಲ್ಕೂ ಹಾಕಿಬಿಡಿ, ಎಲ್ರಿಗೂ ಗೊತ್ತಾಗುತ್ತೆ’ ಎಂದರು. ಯಾರಿಗೂ ಗೊತ್ತಾಗುವುದಿಲ್ಲ. ಎಡಗಡೆಯಿಂದ ಬರುವವನಿಗೆ ಕಾಣುವುದು ಎಡಗಡೆಯ ದೀಪ ಮಾತ್ರ, ಆದ್ದರಿಂದ ಅವನು ಇವರು ಎಡಕ್ಕೆ ತಿರುಗುತ್ತಾರೆಂದುಕೊಂಡು ಮುಂದೆ ಬರುತ್ತಾನೆ. ಬಲಗಡೆಯವನಿಗೆ ಬಲಗಡೆಯದು ಮಾತ್ರ ಕಾಣುವುದರಿಂದ ಅವನೂ ಹಾಗೆಯೇ ತಪ್ಪು ತಿಳಿಯುತ್ತಾನೆ. ಆ ದೀಪಗಳಿರುವುದು ಕೆಟ್ಟು ನಿಂತ ಗಾಡಿಯನ್ನು ತೋರಿಸಲಿಕ್ಕೆ. ಕೋಲಾರದಲ್ಲಿಯೂ ಚಿಂತಾಮಣಿಯಲ್ಲಿಯೂ ಕಾರುಗಳು ಹೀಗೆಯೇ ನಾಲ್ಕು ದೀಪ ಮಿನುಗಿಸುತ್ತಾ ವೃತ್ತ ದಾಟುವುದನ್ನು ನೋಡಿದಾಗಲೆಲ್ಲ ಇದು ಯಾರದೋ ಉಡಾಫೆ ಎಂದುಕೊಳ್ಳುತ್ತಿದ್ದೆ. ಉಡಾಫೆಯಲ್ಲ, ಫೀಸು ಕೊಟ್ಟು ಕಲಿತ ವಿದ್ಯೆ ಎಂದು ಈಗ ಗೊತ್ತಾಗಿದೆ. ವೃತ್ತದೊಳಗೆ ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು ಎಂಬ ಮಾತು ಇಡೀ ಕೋರ್ಸಿನಲ್ಲಿ ಒಮ್ಮೆಯೂ ಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬಿ.ಎಚ್. ರಸ್ತೆಯಲ್ಲಿ ಆಂಬುಲೆನ್ಸ್ ಬಂದಾಗಿನ ಪಾಠ. ಹಿಂದಿನಿಂದ ಸೈರನ್ ಕೇಳಿಸಿದ ಕೂಡಲೇ ಅವರು ತಾವೇ ಬ್ರೇಕ್ ಒತ್ತಿ, ಸ್ಟೀರಿಂಗ್ ಹಿಡಿದು ಕಾರನ್ನು ಎಡಕ್ಕೆ ತಂದರು. ದಾರಿ ಬಿಡದಿದ್ದರೆ 10,000 ರೂಪಾಯಿ ದಂಡವೆಂದೂ ಹೇಳಿದರು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ನಿಜವೇ, ಆರು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. ಇಲ್ಲಿಯವರೆಗೆ ಎಲ್ಲ ಸರಿ. ಆಂಬುಲೆನ್ಸ್ ನಮ್ಮನ್ನು ದಾಟಿದ ಮರುಕ್ಷಣ, ‘ಈಗ ಅದರ ಹಿಂದೇನೇ ಬಿಡಿ ಸಾರ್, ದಾರಿ ಖಾಲಿ ಸಿಗುತ್ತೆ’ ಎಂದರು. ಆ ಹೊತ್ತಿಗಾಗಲೇ ಎರಡು ಆಟೊ, ಮೂರ್ನಾಲ್ಕು ಬೈಕು ಮತ್ತು ಒಂದು ದೊಡ್ಡ ಕಾರು ಆಂಬುಲೆನ್ಸಿನ ಬಾಲ ಹಿಡಿದು ಹೊರಟಿದ್ದವು. ಒಳಗಿನ ರೋಗಿಗಾಗಿ ಆಂಬುಲೆನ್ಸ್ ಹಠಾತ್ತನೆ ನಿಂತರೆ ಇವರೆಲ್ಲರ ಗತಿ ಏನು? ಸಭ್ಯತೆಯನ್ನೂ ಅದನ್ನು ದುರುಪಯೋಗಪಡಿಸಿಕೊಳ್ಳುವ ಉಪಾಯವನ್ನೂ ಒಂದೇ ಉಸಿರಿನಲ್ಲಿ ಕಲಿಸಿದ ಆ ಮನುಷ್ಯನ ಮೇಲೆ ನನಗೆ ಕೋಪ ಬರಲಿಲ್ಲ. ಅವರಿಗೆ ಅದು ತಪ್ಪೆಂದೇ ತೋರಿರಲಿಲ್ಲ.

ಕಲಿಸದೆ ಬಿಟ್ಟದ್ದೂ ಬಹಳವಿದೆ. ತರಗತಿಗಳೆಲ್ಲ ಬೆಳಗಿನ ಹೊತ್ತಿನಲ್ಲೇ ನಡೆದದ್ದರಿಂದ ಕತ್ತಲಲ್ಲಿ ಕಾರು ಓಡಿಸದೆಯೇ ನಮಗೆ ಲೈಸೆನ್ಸ್ ಸಿಕ್ಕಿತು. ಕೆಲಸದ ನಿಮಿತ್ತ ರಾತ್ರಿ ಮಧುಗಿರಿ, ಗೌರಿಬಿದನೂರು ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವಾಗ ಎದುರಿನವನು ಹೈ ಬೀಮ್ ಇಳಿಸುವುದಿಲ್ಲ, ಅದಕ್ಕೆ ಸಿಟ್ಟಾಗಿ ಇವನೂ ಏರಿಸುತ್ತಾನೆ, ಕೊನೆಗೆ ಇಬ್ಬರಿಗೂ ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿರುವವರು ಕಾಣುವುದಿಲ್ಲ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ತುಂಬಿಕೊಂಡು ಹೊತ್ತಿಗೆ ಮುಂಚೆ ತಲುಪಬೇಕೆಂದು ಓಡುವ ಗಾಡಿಗಳ ಎದುರು ಇದು ಇನ್ನೂ ಕಠಿಣ. ವಾರಾಂತ್ಯದ ಮುಂಜಾನೆ ನಂದಿಬೆಟ್ಟದ ದಾರಿಯಲ್ಲಿ ಬೆಂಗಳೂರಿನ ಬೈಕುಗಳು ತಿರುವುಗಳಲ್ಲೇ ಒಬ್ಬರನ್ನೊಬ್ಬರು ಹಿಂದಿಕ್ಕುವುದೂ, ಹೆದ್ದಾರಿಯಲ್ಲಿ ಒಂದು ತಿರುವು ತಪ್ಪಿತೆಂದು ರಿವರ್ಸಿನಲ್ಲೇ ಹಿಂದಕ್ಕೆ ಬರುವ ಕಾರುಗಳೂ, ಮುಂದಿನ ತೆರವಿನವರೆಗೆ ಹೋಗಲು ಬೇಸರಪಟ್ಟು ರಾಂಗ್ ಸೈಡಿನಲ್ಲಿ ನುಗ್ಗುವ ಟ್ರ್ಯಾಕ್ಟರುಗಳೂ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ ಆದ್ದರಿಂದ ಬೆಳೆಸುವುದಿಲ್ಲ.

ನಮ್ಮ ಜಿಲ್ಲೆಗಳದೇ ಆದ ಇನ್ನೊಂದಿದೆ, ಅದು ಟಾರು ರಸ್ತೆಯ ಮೇಲಿನ ಒಕ್ಕಣೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೆ ಹರಡಿ, ಹೋಗಿ ಬರುವ ಚಕ್ರಗಳಿಂದಲೇ ತುಳಿಸುತ್ತಾರೆ. ಹಾಗೆ ಮಾಡಬಾರದು ಎಂದು ಪ್ರತಿ ವರ್ಷ ಎಚ್ಚರಿಕೆ ಬರುತ್ತದೆ, ಪ್ರತಿ ವರ್ಷ ರಾಗಿಯೂ ರಸ್ತೆಗೆ ಬರುತ್ತದೆ. ಅದರ ಮೇಲೆ ಬೈಕ್ ಜಾರುವುದು ಹಾಗಿರಲಿ, ಒಣಗಿದ ಹುರುಳಿ ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತಿದ ಪ್ರಸಂಗಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ನಡೆದಿವೆ. ಇಂಥ ಕಡೆ ಬದಿಯ ದಾರಿ ಹಿಡಿಯಬೇಕು, ಆಗದಿದ್ದರೆ ದಾಟಿದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡಬೇಕು ಎಂಬುದನ್ನು ತುಮಕೂರಿನ ಡ್ರೈವಿಂಗ್ ಸ್ಕೂಲು ಕಲಿಸದೆ ಇನ್ನಾರು ಕಲಿಸಬೇಕು?

ಇದು ಸಮಯದ ಅಭಾವ ಎಂದು ಸಮಾಧಾನ ಹೇಳಲಾಗದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಸ್ವಂತ ಬಳಕೆಯ ಕಾರು ಕಲಿಯುವವರಿಗೆ ತರಬೇತಿ 21 ದಿನಕ್ಕೆ ಕಡಿಮೆಯಿರಬಾರದು, ಅದರಲ್ಲಿ ನಿಜವಾಗಿ ಗಾಡಿ ಓಡಿಸಿದ ಅವಧಿ 10 ಗಂಟೆಗೆ ಕಡಿಮೆಯಾಗಬಾರದು. ನಮ್ಮಲ್ಲಿ ಒಂದು ಕಾರಿಗೆ ಮೂವರು. ‘ಅರ್ಧ ಗಂಟೆಯ ಕ್ಲಾಸು’ ಎಂಬುದರಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಕಾಯುವ ಹೊತ್ತೂ ಸೇರಿತ್ತು. 2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಲ್ಲಂತೂ ಲಘು ವಾಹನಕ್ಕೆ 29 ಗಂಟೆಗಳ ಪಾಠವಿದ್ದು, ಅದರ 8 ಗಂಟೆಯ ಥಿಯರಿಯಲ್ಲಿ ರಸ್ತೆಯ ಶಿಷ್ಟಾಚಾರ, ರಸ್ತೆಯ ಮೇಲಿನ ಜಗಳ, ಅಪಘಾತದ ಕಾರಣಗಳು, ಪ್ರಥಮ ಚಿಕಿತ್ಸೆ ಎಲ್ಲವೂ ಸೇರಿವೆ. ನಾನು ಸೇರಿದ್ದು ಅಂಥ ಕೇಂದ್ರವಲ್ಲ, ನಿಜ. ಆದರೂ ನಮಗೆ ಸಿಕ್ಕ ಥಿಯರಿಯೆಂದರೆ ಎಲ್‌ಎಲ್‌ಆರ್ ಎಂಬ ಕಲಿಕಾ ಲೈಸೆನ್ಸಿನ ಪರೀಕ್ಷೆಗೆಂದು ಕೊಟ್ಟ ಸಂಜ್ಞೆಗಳ ಒಂದು ಹಾಳೆ ಮಾತ್ರ.

ಈ ಬಗ್ಗೆ ಸ್ಕೂಲಿನ ಮಾಲೀಕರನ್ನು ಕೇಳಿದೆ. ‘ಥಿಯರಿ ಅಂದ್ರೆ ಯಾರೂ ಬರಲ್ಲ ಸಾರ್, ಲೈಸೆನ್ಸ್ ಯಾವಾಗ ಕೊಡಿಸ್ತೀರಾ ಅಂತಾರೆ’ ಎಂದರು. ಅವರ ಮಾತು ಸುಳ್ಳೇನಲ್ಲ. ನನ್ನ ಜೊತೆ ಕಲಿಯುತ್ತಿದ್ದ ಹುಡುಗ ಮೊದಲ ದಿನ ಕೇಳಿದ್ದೂ ಅದನ್ನೇ.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಮೂರೂ ಆ ತಾಳ್ಮೆಯ ಗುರುಗಳಿಗೆ. ಸ್ಟೀರಿಂಗ್ ಮುಟ್ಟಲೂ ಹೆದರುವವರಿಗೆ, ಹೊಸದಾಗಿ ಕಲಿಯುವ ಹಿರಿಯರಿಗೆ ಅವರು ಒಳ್ಳೆಯ ಆಯ್ಕೆ. ಇಂಥ ಯಾವುದೇ ಸ್ಕೂಲಿಗೆ ಸೇರುವವರು ಹಣ ಕಟ್ಟುವ ಮುಂಚೆ ಒಂದು ಕಾರಿಗೆ ಎಷ್ಟು ಜನ, ರಾತ್ರಿ ಒಮ್ಮೆಯಾದರೂ ಓಡಿಸಲು ಕೊಡುತ್ತೀರಾ ಎಂದು ಕೇಳಿರಿ. ಕಲಿಯುವವರು ಎಷ್ಟು ಹೊತ್ತು ಗಾಡಿ ಓಡಿಸಿದರೆಂದು ಬರೆದಿಡುವ ಫಾರಂ 15 ಎಂಬ ದಾಖಲೆಯನ್ನು ಸ್ಕೂಲು ಇಟ್ಟಿರಲೇಬೇಕು. ಕೋರ್ಸು ಮುಗಿಯುವ ಮುಂಚೆ ಅದರಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ಗಂಟೆ ಬರೆದಿದ್ದಾರೆಂದು ಒಮ್ಮೆ ತೆಗೆಸಿ ನೋಡಿರಿ.