ನೆಟ್‌ವರ್ಕ್ ಕೈಕೊಟ್ಟಾಗಲೂ ಆಡಬಹುದಾದ ಆಟ: ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್

ದೂರದೂರಲ್ಲಿರುವ ಗೆಳೆಯರ ಜೊತೆ ಕೂಡಿ ಆಡೋಕೆ ಯಾವ ಪಜಲ್ ಗೇಮ್ ಒಳ್ಳೇದು ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದೇ ಹೆಸರು. ಇದಕ್ಕೆ ಇಂಟರ್ನೆಟ್ ಬೇಕಂತಿಲ್ಲ. ಫೋನಿನಲ್ಲಿ ಮಾತು ಕೇಳಿಸಿದರೆ ಸಾಕು. ಶಿರಸಿಯಿಂದ ಒಳಗಿನ ಹಳ್ಳಿಯಲ್ಲಿರುವ ನನ್ನಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿತ್ತು ಅಂದರೆ ಕರೆಂಟಿಲ್ಲ, ಸ್ವಲ್ಪ ಹೊತ್ತಿಗೆ ಡೇಟಾನೂ ಇಲ್ಲ. ಅಂಗಳದ ಮೂಲೆಯಲ್ಲಿ ನಿಂತರೆ ಫೋನ್ ಕರೆ ಮಾತ್ರ ಹೇಗೋ ಹೋಗುತ್ತದೆ.

ಆಟ ಹೀಗಿದೆ. ಒಬ್ಬರ ಲ್ಯಾಪ್‌ಟಾಪ್ ಪರದೆಯ ಮೇಲೆ ಒಂದು ಟೈಮ್ ಬಾಂಬು. ಉಳಿದವರ ಹತ್ತಿರ ಅದು ಸಿಡಿಯದ ಹಾಗೆ ಮಾಡುವ ಕೈಪಿಡಿ. ಬಾಂಬು ನೋಡುವವರು ಕೈಪಿಡಿ ನೋಡುವಂತಿಲ್ಲ, ಕೈಪಿಡಿ ಹಿಡಿದವರು ಬಾಂಬು ನೋಡುವಂತಿಲ್ಲ. ಇರುವುದೆಲ್ಲ ಬರೀ ಮಾತು. ಗೇಮನ್ನು ಒಬ್ಬರು ಕೊಂಡರೆ ಮುಗೀತು. ಕೈಪಿಡಿ ಇಪ್ಪತ್ಮೂರು ಪುಟದ ಪಿಡಿಎಫ್, ಪುಕ್ಕಟೆ ಸಿಗುತ್ತದೆ. ನಾನು ಶಿರಸಿ ಪೇಟೆಯಲ್ಲಿ ಝೆರಾಕ್ಸ್ ಮಾಡಿಸಿ ಕುಮಟಾದ ಗೆಳತಿಗೆ, ಕೈಗಾದಲ್ಲಿ ಕೆಲಸದಲ್ಲಿರುವ ಗೆಳೆಯನಿಗೆ ಒಂದೊಂದು ಪ್ರತಿ ಕಳಿಸಿದೆ. ಮೊದಲ ಪುಟದಲ್ಲೇ ಬಾಂಬಿನ ಸುದ್ದಿ ಇರುವುದರಿಂದ ಅಂಗಡಿಯವರಿಗೆ ಇದು ಆಟದ್ದು ಅಂತ ಮೊದಲೇ ಹೇಳಿಬಿಡುವುದು ಒಳ್ಳೇದು.

ಮಾಡಿದವರು ಕೆನಡಾದ ಸ್ಟೀಲ್ ಕ್ರೇಟ್ ಗೇಮ್ಸ್. ಕೆಲವೇ ದಿನದಲ್ಲಿ ಗೇಮ್ ಮಾಡಿ ಮುಗಿಸುವ ಕೂಟ ಗ್ಲೋಬಲ್ ಗೇಮ್ ಜ್ಯಾಮ್, ಅದರ 2014ರ ಕೂಟದಲ್ಲಿ ಹುಟ್ಟಿದ ಯೋಚನೆ ಇದು, ಗೇಮ್ ಬಂದದ್ದು 2015ರಲ್ಲಿ. ಮೊದಲು ಮಾಡಿದ್ದು ಕಣ್ಣಿಗೆ ಕಟ್ಟಿಕೊಂಡು ನೋಡುವ ವಿಆರ್ ಹೆಡ್‌ಸೆಟ್‌ಗಾಗಿ. ಅದನ್ನು ತಲೆಗೆ ಹಾಕಿಕೊಂಡವನಿಗೆ ಕಂಡದ್ದು ಪಕ್ಕದಲ್ಲಿ ಕೂತವರಿಗೆ ಕಾಣೋದಿಲ್ಲ ಅಲ್ವಾ? ಅದನ್ನೇ ಆಟ ಮಾಡಿದ್ದಾರೆ. ನಮಗಾದರೋ ನಡುವೆ ದೇವಿಮನೆ ಘಟ್ಟವೇ ಇದೆ, ಹೆಡ್‌ಸೆಟ್ ಯಾಕೆ ಬೇಕು!

ಬಾಂಬಿನ ಮೇಲೆ ಚೌಕ ಚೌಕವಾಗಿ ಮಾಡ್ಯೂಲ್‌ಗಳಿರುತ್ತವೆ. ಒಂದೊಂದೂ ಒಂದು ಒಗಟು. ಸುಲಭದ್ದು ವೈರು. ಮೂರು ವೈರಿದ್ದು ಅದರಲ್ಲಿ ಕೆಂಪು ಒಂದೂ ಇಲ್ಲದಿದ್ದರೆ ಎರಡನೆಯದನ್ನು ಕತ್ತರಿಸಬೇಕು. ನಾಲ್ಕಿದ್ದು ಒಂದಕ್ಕಿಂತ ಜಾಸ್ತಿ ಕೆಂಪು ಇದ್ದರೆ ಸೀರಿಯಲ್ ನಂಬರಿನ ಕೊನೆಯ ಅಂಕಿ ಬೆಸವೋ ಸಮವೋ ನೋಡಬೇಕು. ಆಗ ಕುಮಟಾದಿಂದ ಕೂಗು: "ತಡಿಯೋ ಮಾರಾಯ, ಕತ್ತರಿಸಬೇಡ! ಮೊದಲು ಸೀರಿಯಲ್ ನಂಬರ್ ಹೇಳು." ಬಾಂಬನ್ನು ತಿರುಗಿಸಿ ಹುಡುಕುವಷ್ಟರಲ್ಲಿ ಟೈಮರ್ ಓಡಿರುತ್ತದೆ. ತಪ್ಪು ಮಾಡಿದರೆ ಒಂದು ಸ್ಟ್ರೈಕ್. ಆಮೇಲೆ ಟೈಮರ್ ಇನ್ನೂ ಜೋರಾಗಿ ಓಡುತ್ತದೆ. ಸಾಮಾನ್ಯವಾಗಿ ಮೂರನೇ ಸ್ಟ್ರೈಕಿಗೆ ಬಾಂಬು ಢಂ.

ದೊಡ್ಡ ಬಟನ್ ಇರುವ ಮಾಡ್ಯೂಲ್ ನನಗೆ ಬಹಳ ಇಷ್ಟ. ಅದನ್ನು ಒತ್ತಿ ಹಿಡಿದಾಗ ಪಕ್ಕದ ಪಟ್ಟಿಯಲ್ಲಿ ಬಣ್ಣದ ದೀಪ ಹತ್ತುತ್ತದೆ. ನೀಲಿ ಬಂದರೆ ಟೈಮರಿನಲ್ಲಿ ಎಲ್ಲಾದರೂ 4 ಕಾಣುವಾಗ ಕೈ ಬಿಡಬೇಕು. ಹಳದಿ ಬಂದರೆ 5 ಕಾಣುವಾಗ. ಟೈಮರ್ ನೋಡುವವನೂ ಕೈ ಬಿಡುವವನೂ ನಾನೇ. ಹಾಗಾಗಿ ಫೋನಿನಲ್ಲಿ ಮಾತು ಒಂದು ಕ್ಷಣ ತಡವಾಗಿ ಬಂದರೂ ಏನೂ ಕೆಡುವುದಿಲ್ಲ. ಬೇರೆ ಆನ್‌ಲೈನ್ ಆಟಗಳಲ್ಲಿ ಆ ಒಂದು ಕ್ಷಣಕ್ಕೇ ಆಟ ಮುಗಿದಿರುತ್ತದೆ.

ಚಿಹ್ನೆಗಳ ಕೀಪ್ಯಾಡ್ ಬಂದಾಗ ಜಾಸ್ತಿ ಮಜಾ. ಗ್ರೀಕ್ ಅಕ್ಷರ, ನಕ್ಷತ್ರ, ಏನೇನೋ ವಿಚಿತ್ರ ಗೆರೆಗಳು. ಅವಕ್ಕೆಲ್ಲ ನಮ್ಮದೇ ಹೆಸರು ಇಟ್ಟುಕೊಂಡಿದ್ದೇವೆ. ಒಂದು ತ್ರಿಶೂಲ, ಒಂದು ಲಾಳ, ಒಂದು ಬಲೂನು. ನಕ್ಷತ್ರ ಎರಡಿವೆ, ತುಂಬಿದ್ದು ಮತ್ತು ಖಾಲಿ. ಬರೀ ನಕ್ಷತ್ರ ಅಂದರೆ ಕೈಗಾದವನು ಮುಂದಿನದ್ದು ಹೇಳುವುದೇ ಇಲ್ಲ, "ಯಾವುದು, ಸರಿಯಾಗಿ ಹೇಳು" ಅನ್ನುತ್ತಾನೆ. ಅವನು ಹಾಗೆ ಪಟ್ಟು ಹಿಡಿಯುವುದರಿಂದಲೇ ನಮ್ಮ ಎಷ್ಟೋ ಬಾಂಬುಗಳು ಉಳಿದಿವೆ. ಕಣ್ಣಿಗೆ ಕಾಣದ ಗೋಡೆಗಳಿರುವ ದಾರಿ ಹುಡುಕುವ ಮಾಡ್ಯೂಲ್ ಕೂಡ ಅವನದ್ದೇ. ಎರಡು ಹಸಿರು ಉಂಗುರ ಎಲ್ಲಿವೆ ಅಂತ ಹೇಳಿದರೆ ಸಾಕು, ಯಾವ ನಕ್ಷೆ ಅಂತ ಹಿಡಿದು "ಬಲಕ್ಕೆ ಎರಡು, ಕೆಳಗೆ ಒಂದು" ಅಂತ ನಡೆಸಿಕೊಂಡು ಹೋಗುತ್ತಾನೆ.

ಇನ್ನು ಮೋರ್ಸ್ ಕೋಡ್, ಅಂದರೆ ಗಿಡ್ಡ, ಉದ್ದ ಸಂಕೇತಗಳಲ್ಲೇ ಅಕ್ಷರ ಹೇಳುವ ಹಳೇ ತಂತಿ ಭಾಷೆ. ಒಂದು ದೀಪ ಮಿನುಗುತ್ತದೆ. ಅದನ್ನು ಓದಿ ಪದ ಕಂಡುಹಿಡಿದು, ಆ ಪದಕ್ಕೆ ಹೊಂದುವ ಫ್ರೀಕ್ವೆನ್ಸಿ ಇಡಬೇಕು. ಇದರ ಹತ್ತಿರ ನಾವ್ಯಾರೂ ಸುಳಿಯುತ್ತಿರಲಿಲ್ಲ. ಕುಮಟಾದ ಗೆಳತಿಯ ದೊಡ್ಡಪ್ಪ ತಾರಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 2013ರ ಜುಲೈನಲ್ಲಿ ದೇಶದಲ್ಲಿ ಟೆಲಿಗ್ರಾಮ್ ಸೇವೆಯೇ ನಿಂತಿತು. ಆಮೇಲೆ ಆ ವಿದ್ಯೆಯನ್ನು ಅವರ ಹತ್ತಿರ ಕೇಳಿದವರಿಲ್ಲ. ಒಂದು ಸಂಜೆ ಸ್ಪೀಕರ್ ಫೋನಿನ ಪಕ್ಕ ಬಂದು ಕೂತರು. "ತಮಾ, ಗಡಿಬಿಡಿ ಬೇಡ. ನಡುವೆ ಉದ್ದ ಬಿಡುವು ಬರ್ತದಲ್ಲ, ಅಲ್ಲಿಂದ ಶುರು ಮಾಡು" ಅಂದರು. ನಾನು ದೀಪ ನೋಡುತ್ತಾ ಬಾಯಲ್ಲೇ ಹೇಳುತ್ತಾ ಹೋದೆ. ಗಿಡ್ಡ, ಗಿಡ್ಡ, ಗಿಡ್ಡ. ಆಮೇಲೆ ಗಿಡ್ಡ ನಾಲ್ಕು. "ಎಸ್, ಎಚ್. ಸಾಕು" ಅಂದರು. ಪಟ್ಟಿಯಲ್ಲಿ ಹಾಗೆ ಶುರುವಾಗುವ ಪದ ಒಂದೇ, ಶೆಲ್. ಗೆಳತಿ 3.505 ಅಂತ ಓದಿದಳು, ಹಸಿರು ದೀಪ ಬಂತು. ಆವತ್ತಿಂದ ದೊಡ್ಡಪ್ಪ ನಮ್ಮ ತಂಡದವರೇ. ಮೋರ್ಸ್ ಬಂದರೆ ಅವರು ಊಟದ ಮಧ್ಯದಲ್ಲಿದ್ದರೂ ಎದ್ದು ಬರುತ್ತಾರೆ. ನನಗೆ ಈ ಆಟದ ಮೇಲೆ ಇಷ್ಟು ಪ್ರೀತಿ ಬಂದದ್ದು ಈ ಕಾರಣಕ್ಕೇ. ಮೌಸ್ ಮುಟ್ಟದ, ಪರದೆ ನೋಡದ ಹಿರಿಯರೊಬ್ಬರು ಇಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಆಗಬಹುದು.

ಬೇಸರದ ವಿಷಯಗಳೂ ಇವೆ. ನಾವು ಇಳಿಸಿಕೊಂಡ ಕೈಪಿಡಿ ಇಂಗ್ಲಿಷಿನದ್ದು. ನಿಯಮಗಳನ್ನು ಬೇಕಂತಲೇ ಸುತ್ತಿಬಳಸಿ ಬರೆದಿದ್ದಾರೆ. ಇಂಗ್ಲಿಷ್ ಓದುವುದು ನಿಧಾನ ಇದ್ದವರಿಗೆ ಟೈಮರ್ ಓಡುವಾಗ ಕಷ್ಟ. ನಾವು ವೈರು, ಬಟನ್ ಎರಡರ ನಿಯಮಗಳನ್ನೂ ಕನ್ನಡದಲ್ಲಿ ಬರೆದಿಟ್ಟುಕೊಂಡೆವು, ಅದರಿಂದ ಎಷ್ಟೋ ಸುಧಾರಿಸಿತು. ಆದರೆ ಕೇಳಲು ಒಂದೇ ತರ ಇರುವ ಇಂಗ್ಲಿಷ್ ಪದಗಳನ್ನೇ ಇಟ್ಟ ಮಾಡ್ಯೂಲ್ ಒಂದಿದೆ. ಮಳೆ ಸದ್ದಿನಲ್ಲಿ, ಕೆಟ್ಟ ಲೈನಿನಲ್ಲಿ, ಅದನ್ನು ಅಕ್ಷರ ಅಕ್ಷರ ಬಿಡಿಸಿ ಹೇಳದೆ ಬೇರೆ ದಾರಿ ಇಲ್ಲ. ಆಗಾಗ ಎದ್ದು ಗಮನ ಕೇಳುವ ಮಾಡ್ಯೂಲ್‌ಗಳೂ ಇವೆ. ಒಂದನ್ನು ಬಿಡಿಸುತ್ತಿರುವಾಗ ಇನ್ನೊಂದು ಕೂಗಿದರೆ ಮೂರೂ ಜನ ಒಟ್ಟಿಗೇ ಮಾತಾಡಿ ಯಾರದ್ದೂ ಕೇಳಿಸುವುದಿಲ್ಲ.

ಬಾಂಬು ಪ್ರತಿ ಸಲ ಹೊಸದಾಗಿ ತಯಾರಾಗುತ್ತದೆ, ಉತ್ತರ ಉರು ಹೊಡೆದು ಗೆಲ್ಲೋಕಾಗಲ್ಲ. ಆದರೆ ನಿಯಮಗಳು ಅವೇ. ಜಾಸ್ತಿ ಆಡಿದರೆ ಕೈಪಿಡಿಯೇ ಬಾಯಿಪಾಠ ಆಗುತ್ತದೆ. ಆಗ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಆಟಗಾರರೇ ಮಾಡಿದ ಹೊಸ ಮಾಡ್ಯೂಲ್‌ಗಳನ್ನು ಹಾಕಿಕೊಳ್ಳಬಹುದು.

ಇದರ ಜೊತೆಗೆ ನೋಡಬೇಕಾದ್ದು ನೆದರ್‌ಲ್ಯಾಂಡ್ಸ್‌ನ ಟೋಟಲ್ ಮೇಹೆಮ್ ಗೇಮ್ಸ್‌ನವರ ವಿ ವರ್ ಹಿಯರ್. 2017ರದ್ದು, ಸ್ಟೀಮ್‌ನಲ್ಲಿ ಪುಕ್ಕಟೆ. ಹಿಮ ಮುಚ್ಚಿದ ಕೋಟೆಯಲ್ಲಿ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಸಿಕ್ಕಿಬಿದ್ದು ವಾಕಿಟಾಕಿಯಲ್ಲಿ ಮಾತಾಡಿಕೊಂಡು ಹೊರಬರಬೇಕು. ತುಂಬ ಚೆಂದದ ಆಟ. ಆದರೆ ಇಬ್ಬರ ಹತ್ತಿರವೂ ಕಂಪ್ಯೂಟರ್ ಬೇಕು, ಗಟ್ಟಿ ಇಂಟರ್ನೆಟ್ ಬೇಕು. ನಾನದನ್ನು ಬೇಸಿಗೆಗೆ ಇಟ್ಟುಕೊಂಡಿದ್ದೇನೆ.

ಕೀಪ್ ಟಾಕಿಂಗ್ ಮೊಬೈಲಿಗೂ ಇದೆ. ನನ್ನ ಕೇಳಿದರೆ ಲ್ಯಾಪ್‌ಟಾಪೇ ವಾಸಿ. ಫೋನು ಮಾತಿಗೆ ಬೇಕು, ಸೀರಿಯಲ್ ನಂಬರೂ ದೊಡ್ಡದಾಗಿ ಕಾಣುತ್ತದೆ. ಕರೆಂಟು ಹೋಗುವ ಮೊದಲೇ ಬ್ಯಾಟರಿ ತುಂಬಿಸಿಡಿ. ಇಬ್ಬರು ಮೂವರು ಒಂದೇ ಪ್ರತಿ ನೋಡುವುದಾದರೆ ಕೈಪಿಡಿಗೆ ಸ್ಟೇಪಲ್ ಹಾಕಿಸಬೇಡಿ. ಪುಟಗಳು ಬಿಡಿಯಾಗಿದ್ದರೆ ಒಬ್ಬರಿಗೆ ವೈರು, ಒಬ್ಬರಿಗೆ ಮೋರ್ಸ್ ಅಂತ ಹಂಚಿಕೊಳ್ಳಬಹುದು.