ಚಿಕ್ಕಮಗಳೂರಿನಲ್ಲಿ ಮಗುವಿನ ಬಟ್ಟೆ, ಬಾಣಂತಿಯ ಉಡುಪು: ಯಾವುದು ಚೆಂದ, ಯಾವುದು ಒಣಗುತ್ತದೆ

ಹೆರಿಗೆಗೆ ಮುಂಚೆ ಮಗುವಿಗೆ ಹೊಸ ಬಟ್ಟೆ ತರಬಾರದು ಎನ್ನುವ ರೂಢಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ ಉಂಟು. ಹಾಗಾಗಿ ಎಂ.ಜಿ. ರಸ್ತೆ, ಐ.ಜಿ. ರಸ್ತೆಯ ಅಂಗಡಿಗಳಲ್ಲಿ ಈ ಖರೀದಿ ನಡೆಯುವುದು ಮಗು ಹುಟ್ಟಿದ ಮೇಲೆ, ಆಸ್ಪತ್ರೆಗೂ ಮನೆಗೂ ಓಡಾಡುವ ಗಡಿಬಿಡಿಯಲ್ಲಿ. ಕಣ್ಣಿಗೆ ಚೆಂದ ಕಂಡದ್ದು ಚೀಲಕ್ಕೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇದು ಒಣಗುತ್ತದೆಯೇ, ನಡುರಾತ್ರಿ ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದೆಯೇ ಎಂದು ನೋಡಿ, ಆಮೇಲೆ ಚೆಂದ ನೋಡುವುದು ಒಳ್ಳೆಯದು.

ದಿನಬಳಕೆಯ ಬಟ್ಟೆಗೆ ಊರು ಬಿಟ್ಟು ಹೋಗಬೇಕಾಗಿಲ್ಲ. ಮೊದಲ ತಿಂಗಳಿಗೆ ಮುಂದೆ ಕಟ್ಟುವ ಮಲ್ ಜಬಲಾಗೆ ಸಮನಾದದ್ದಿಲ್ಲ: ತಲೆಯ ಮೇಲಿಂದ ಎಳೆಯುವ ಕಷ್ಟವಿಲ್ಲ, ಹೊಕ್ಕುಳು ಬೀಳುವ ತನಕ ಎಲಾಸ್ಟಿಕ್ ಉಜ್ಜುವ ಭಯವಿಲ್ಲ. ಬನಿಯನ್ ಬಟ್ಟೆಯ ಅಂಗಿ ಬೇಕೆಂದರೆ ಎರಡೂ ಭುಜದಲ್ಲಿ ಬಟ್ಟೆ ಒಂದರ ಮೇಲೊಂದು ಕೂತ ಕೊರಳಿನದನ್ನು ಆರಿಸಿ. ಡೈಪರ್ ಸೋರಿ ಬೆನ್ನೆಲ್ಲ ಕೊಳೆಯಾದಾಗ ಆ ಕೊರಳನ್ನು ಹಿಗ್ಗಿಸಿ ಅಂಗಿಯನ್ನು ಕಾಲಿನ ಕಡೆಯಿಂದ ತೆಗೆಯಬಹುದು, ಮುಖಕ್ಕೆ ತಾಗುವುದಿಲ್ಲ. ಟಿಚ್ ಬಟನ್ ಇದ್ದರೆ ಒಂದನ್ನು ಅಂಗಡಿಯಲ್ಲೇ ನಾಲ್ಕೈದು ಸಲ ಬಿಚ್ಚಿ ಹಾಕಿ ನೋಡಿ. ಗುಂಡಿಯ ಹಿಂದೆ ದಪ್ಪ ಪಟ್ಟಿ ಕೊಡದೆ ತೆಳು ಬಟ್ಟೆಗೇ ಒತ್ತಿದ್ದರೆ ಕೆಲವೇ ಒಗೆತಗಳಲ್ಲಿ ಗುಂಡಿ ಬಟ್ಟೆಯ ಸಮೇತ ಕಿತ್ತು ಬರುತ್ತದೆ.

ಮಳೆಗಾಲದ ಕೂಸಿಗೆ ಹನ್ನೆರಡು ಜಬಲಾ, ಎರಡು ಡಜನ್ ಲಂಗೋಟಿ ಇರಲಿ. ಬೇಸಿಗೆಯಾದರೆ ಅದರ ಅರ್ಧ ಸಾಕು. ಟರ್ಕಿ ಬಟ್ಟೆಯ ದಪ್ಪ ಸೂಟ್ ಕೈಗೆ ಮೆತ್ತಗಿರುತ್ತದೆ, ಆದರೆ ಜುಲೈನಲ್ಲಿ ಎರಡು ದಿನವಾದರೂ ಕಂಕುಳ ಹೊಲಿಗೆ ಹಸಿಯಾಗಿಯೇ ಇದ್ದು ಮುಗ್ಗಲು ವಾಸನೆ ಬರುತ್ತದೆ. ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುವ ಮನೆಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಫ್ಲೀಸ್ ಸಾಮಾನ್ಯವಾಗಿ ಪಾಲಿಯೆಸ್ಟರ್, ಬಿಸಿ ಹೆಚ್ಚಾದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ಹತ್ತಿಯನ್ನೇ ಎರಡು ಪದರ ಹಾಕಿದರೆ ಸಾಕಷ್ಟು ಬೆಚ್ಚಗಿರುತ್ತದೆ.

ಅಳತೆಯಲ್ಲಿ ಮೋಸ ಹೋಗುವುದು ಸುಲಭ. ಮೂರು ಕೆಜಿ ಇಲ್ಲವೇ ಅದಕ್ಕೂ ಕಡಿಮೆ ತೂಕದ ಕೂಸು ‘0–3 ತಿಂಗಳು’ ಎಂದು ಬರೆದ ಅಂಗಿಯಲ್ಲಿ ಮೊದಮೊದಲು ಕಳೆದೇ ಹೋಗುತ್ತದೆ. ‘ನ್ಯೂಬಾರ್ನ್’ ಮೂರು ನಾಲ್ಕು ಮಾತ್ರ ತೆಗೆದುಕೊಂಡು ಉಳಿದದ್ದೆಲ್ಲ ಮುಂದಿನ ಅಳತೆಯದು ತನ್ನಿ. ಹತ್ತಿ ಮೊದಲ ಒಗೆತಕ್ಕೆ ಶೇ 3ರಿಂದ 5ರಷ್ಟು ಕುಗ್ಗಬಹುದು. ಹದಿನಾಲ್ಕು ಇಂಚಿನ ಅಂಗಿಯಲ್ಲಿ ಸುಮಾರು ಅರ್ಧ ಇಂಚು ಹೋಯಿತು ಅನ್ನಿ. ಸರ್ಟಿಫಿಕೇಟ್ ನೋಡಿ ಕೊಳ್ಳುವವರಿಗೆ ಒಂದು ಮಾತು: ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯೇ ಎಂದು ಪರೀಕ್ಷಿಸಿ ಕೊಡುವ ಓಕೋ-ಟೆಕ್ಸ್ ಸ್ಟಾಂಡರ್ಡ್ 100ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಒಂದನೇ ವರ್ಗ, ಅದರ ಮಿತಿಗಳೇ ಎಲ್ಲಕ್ಕಿಂತ ಬಿಗಿ. ‘ಸಾಫ್ಟ್’, ‘ಪ್ಯೂರ್’ ಎಂಬ ಬರೀ ಮಾತಿಗೆ ಬೆಲೆ ಇಲ್ಲ.

ನಾಮಕರಣದ ಫ್ರಾಕ್‌ಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಠಿಣವೇ. ಹೊರಗೆ ನೆಟ್ಟು, ಚಮಕಿ, ದೊಡ್ಡ ಹೂವು; ಒಳಗೆ ತಿರುವಿದರೆ ಲೈನಿಂಗ್ ಎದೆಯ ತನಕ ಮಾತ್ರ. ಸೊಂಟದ ಹೊಲಿಗೆಯಲ್ಲಿ ನೆಟ್ಟಿನ ಕತ್ತರಿಸಿದ ಅಂಚು ಹಾಗೇ ಮೈಗೆ ತಾಗುತ್ತದೆ. ಆ ಅಂಚನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹತ್ತು ಸಲ ಉಜ್ಜಿಕೊಳ್ಳಿ. ಕೆಂಪಾದರೆ ಅಲ್ಲೇ ಬಿಟ್ಟು ಬನ್ನಿ. ಎಳೆದರೆ ಅಲುಗಾಡುವ ಮಣಿ ಇದ್ದರೂ ಬೇಡ, ಅದು ಬಾಯಿಗೇ ಹೋಗುವುದು. ಹತ್ತಿಯ ಮೇಲ್ಭಾಗಕ್ಕೆ ಸೇರಿಸಿ ಹೊಲಿದ ಜರಿಯಂಚಿನ ಲಂಗ ಇದಕ್ಕಿಂತ ನೂರು ಪಾಲು ಚೆಂದ, ಸೊಂಟಕ್ಕೆ ಲಾಡಿ ಬಿಗಿಯುವುದೂ ಇಲ್ಲ.

ಗರ್ಭಿಣಿಯರ ಉಡುಪಿನಲ್ಲಿ ಮಾತ್ರ ಇಲ್ಲಿನ ಅಂಗಡಿಗಳು ಹಿಂದೆ. ಕೇಳಿದರೆ ಜಿಪ್ ನೈಟಿ ತೋರಿಸುತ್ತಾರೆ, ಇಲ್ಲವೇ “ಎರಡು ಸೈಜ್ ದೊಡ್ಡದು ಹಾಕ್ಕೊಳ್ಳಿ ಅಕ್ಕ” ಎಂದು ಸಾದಾ ಕುರ್ತಿ ಕೊಡುತ್ತಾರೆ. ಅದರ ಭುಜ ಜಾರುತ್ತದೆ, ಕೊರಳು ಬಾಯ್ಬಿಡುತ್ತದೆ, ಹೊಟ್ಟೆಯ ಮೇಲೆ ಮುಂಭಾಗ ಎತ್ತಿಕೊಂಡು ನಿಲ್ಲುತ್ತದೆ. ಸೀಮಂತಕ್ಕೆಂದು ಗೌನ್ ನೋಡುವವರು ತೆರಿಗೆಯನ್ನೂ ಲೆಕ್ಕ ಹಾಕಿ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದು ದಾಟಿದರೆ ಶೇ 18.

ಬಟ್ಟೆ ಕೊಂಡು ಹೊಲಿಸುವುದೇ ಮೇಲು. 44 ಇಂಚು ಪನ್ನದ (ಅಗಲದ) ತೆಳು ಹತ್ತಿ ಮೂರು ಮೀಟರ್ ತೆಗೆದುಕೊಂಡು, ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಟೈಲರ್‌ಗೆ ಕೊಡಿ. ಭುಜ ನಿಮ್ಮ ಮಾಮೂಲಿ ಅಳತೆಯದೇ ಇರಲಿ, ನೆರಿಗೆ ಎದೆಯ ಕೆಳಗಿನಿಂದ ಶುರುವಾಗಲಿ, ಮುಂದಿನ ಅಂಚು ಹಿಂದಿಗಿಂತ ಎರಡು ಇಂಚು ಉದ್ದವಿರಲಿ. ಹಾಲೂಡಿಸಲೆಂದು ನಡುವೆ ಒಂದೇ ಜಿಪ್ ಇಟ್ಟರೆ ಎದೆಯೆಲ್ಲ ತೆರೆದುಕೊಳ್ಳುತ್ತದೆ. ಪ್ರಿನ್ಸೆಸ್ ಕಟ್‌ನ, ಅಂದರೆ ಎದೆಯ ಎರಡೂ ಬದಿಯಲ್ಲಿ ಮೇಲಿನಿಂದ ಕೆಳಗಿಳಿಯುವ ಹೊಲಿಗೆಯ, ಎರಡೂ ಗೆರೆಯಲ್ಲಿ ಎಂಟಿಂಚಿನ ನೈಲಾನ್ ಜಿಪ್ ಕೂರಿಸಿ, ಹಲ್ಲು ಮಗುವಿನ ಕೆನ್ನೆಗೆ ಒತ್ತದಂತೆ ಒಳಗೊಂದು ಪಟ್ಟಿ ಕೊಡಲು ಹೇಳಿ. ಹಾಲು ತುಂಬಿದಾಗ ಎದೆಯ ಅಳತೆ ಹೆಚ್ಚುತ್ತದೆ. ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಿಸಿ. ಲೆಗ್ಗಿಂಗ್ಸ್ ಹೊಟ್ಟೆಯ ಮೇಲಕ್ಕೆ ಬರುವಂಥದ್ದೇ ಆಗಬೇಕು. ಹೊಟ್ಟೆಯ ಕೆಳಗೆ ಕೂರುವ ಎಲಾಸ್ಟಿಕ್, ಸಿಸೇರಿಯನ್ ಆದರೆ ನೇರ ಹೊಲಿಗೆಯ ಮೇಲೇ ಕೂರುತ್ತದೆ.