ಅವ್ವನ ಶುಗರ್‌ಗೆ ಯಾವ ಟೆಸ್ಟ್? ಎಚ್‌ಪಿಎಲ್‌ಸಿ, ಬೋರೊನೇಟ್, ಫ್ರಕ್ಟೊಸಮೈನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬೋರೊನೇಟ್ ವಿಧಾನದ ಎ1ಸಿ ಟೆಸ್ಟ್‌ಗೆ. ಎ1ಸಿ ಅಂದರೆ ರಕ್ತದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ ನೋಡಿ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಟೆಸ್ಟ್. ಎಲ್ಲರಿಗೂ ಅದು ಬೇಕಿಲ್ಲ, ನಮ್ಮ ಅವ್ವನಂಥವರಿಗೆ ಬೇಕೇ ಬೇಕು.

ಗದಗಿನ ಮನೆಯಲ್ಲಿ ಗ್ಲುಕೋಮೀಟರ್ ಖಾಲಿ ಹೊಟ್ಟೆಗೇ 160, 170 ತೋರಿಸುತ್ತಿತ್ತು, ಊಟ ಆದ ಮೇಲೆ 220 ದಾಟುತ್ತಿತ್ತು. ಲ್ಯಾಬ್‌ನ ಎಚ್‌ಪಿಎಲ್‌ಸಿ ಯಂತ್ರದ ಎ1ಸಿ ಮಾತ್ರ 5.2%. ಅಂದರೆ ಸರಾಸರಿ ಶುಗರ್ 103ರ ಆಸುಪಾಸು ಇರಬೇಕು. ಹೇಗೆ ಸಾಧ್ಯ? ನಿಮ್ಮ ಮೀಟರೇ ಕೆಟ್ಟಿರಬೇಕು ಅಂದರು ಲ್ಯಾಬ್‌ನವರು. ಅವ್ವ ಆ ಕಾಗದ ನೋಡಿ ರಾತ್ರಿ ಗುಳಿಗೆ ಬಿಡಲಾ ಅಂತ ಕೇಳತೊಡಗಿದಳು. ನನಗೆ ಹೆದರಿಕೆ ಆದದ್ದು ಅಲ್ಲೇ.

ಹುಬ್ಬಳ್ಳಿಯ ಡಾಕ್ಟರ್ ಹಿಮೋಗ್ಲೋಬಿನ್ನನ್ನೇ ಟೆಸ್ಟ್ ಮಾಡಿಸಿದರು. ಅವ್ವನಿಗೆ ಹುಟ್ಟಿನಿಂದಲೇ ಅರ್ಧಕ್ಕೆ ಸ್ವಲ್ಪ ಕಡಿಮೆ ಹಿಮೋಗ್ಲೋಬಿನ್ ‘ಡಿ’ ಜಾತಿಯದು. ಅದರಿಂದ ಅವಳಿಗೆ ಏನೂ ತೊಂದರೆ ಇಲ್ಲ, ತೊಂದರೆ ಇರುವುದು ಯಂತ್ರಕ್ಕೆ. ಎಚ್‌ಪಿಎಲ್‌ಸಿ ಹಿಮೋಗ್ಲೋಬಿನ್ನನ್ನು ಅದರ ವಿದ್ಯುತ್ ಗುಣ ನೋಡಿ ಬೇರೆ ಮಾಡುತ್ತದೆ. ಸಕ್ಕರೆ ಅಂಟಿದ ‘ಡಿ’ ಬೇರೆ ಜಾಗಕ್ಕೆ ಹೋಗಿ ಎ1ಸಿ ಲೆಕ್ಕಕ್ಕೆ ಸಿಗುವುದಿಲ್ಲ, ಆದರೆ ಒಟ್ಟು ಹಿಮೋಗ್ಲೋಬಿನ್ ಲೆಕ್ಕದಲ್ಲಿ ‘ಡಿ’ ಇರುತ್ತದೆ, ಹಾಗಾಗಿ ಅಂಕಿ ಇಳಿಯುತ್ತದೆ. ಎಲ್ಲ ಯಂತ್ರವೂ ಹೀಗಲ್ಲ. ಕೆಲವು ಯಂತ್ರಗಳು ‘ಡಿ’ಯಂಥ ಬೇರೆ ಜಾತಿ (ವೇರಿಯಂಟ್) ಕಂಡರೆ ರಿಪೋರ್ಟ್‌ನಲ್ಲೇ ತಿಳಿಸುತ್ತವೆ. ಕೆಲವು ವೇರಿಯಂಟ್‌ಗಳಲ್ಲಿ ಅಂಕಿ ಸುಮ್ನೆ ಜಾಸ್ತಿ ಬರುವುದೂ ಉಂಟು.

ಬೋರೊನೇಟ್ ಯಾವ ಜಾತಿ ಅಂತ ನೋಡುವುದಿಲ್ಲ, ಸಕ್ಕರೆ ಅಂಟಿದೆಯಾ ಅಂತಷ್ಟೇ ನೋಡುತ್ತದೆ. ಬಂದದ್ದು 7.9, ಅಂದರೆ ಸರಾಸರಿ 180. ಮೀಟರ್ ಪುಸ್ತಕಕ್ಕೆ ಸರಿಯಾಗಿ ಕೂಡಿತು. ಕಷ್ಟ ಏನೆಂದರೆ ಅದು ಸಿಗುವುದು. ಕೌಂಟರ್‌ನಲ್ಲಿ ಕೇಳಿದರೆ ಎ1ಸಿ ಅಂದರೆ ಎಲ್ಲಾ ಒಂದೇ ಅನ್ನುತ್ತಾರೆ. ಹಳೇ ರಿಪೋರ್ಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ವಿಧಾನ ಬರೆದಿರುತ್ತಾರೆ, ಅದನ್ನು ತೋರಿಸಿ ಕೇಳಿ. ನಮ್ಮ ಸ್ಯಾಂಪಲ್ ಬೆಂಗಳೂರಿಗೆ ಹೋಯಿತು, ಕಾಯಬೇಕಾಯಿತು.

ಫ್ರಕ್ಟೊಸಮೈನ್ ರಕ್ತದ ಪ್ರೋಟೀನ್‌ಗಳಿಗೆ ಅಂಟಿದ ಸಕ್ಕರೆ ನೋಡುವ ಟೆಸ್ಟ್. ಅದಕ್ಕೆ ಹಿಮೋಗ್ಲೋಬಿನ್ ಸಂಬಂಧವೇ ಇಲ್ಲ, ಎರಡು ಮೂರು ವಾರದ ಲೆಕ್ಕ ಕೊಡುತ್ತದೆ. ಗುಳಿಗೆ ಬದಲಿಸಿದಾಗ ಒಳ್ಳೆಯದು. ಆಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನ್) ಕಡಿಮೆ ಇದ್ದವರಿಗೆ ನಂಬುವ ಹಾಗಿಲ್ಲ. ಆದರೆ ಕೆಂಪು ರಕ್ತಕಣ ಬೇಗ ಸಾಯುವ ಕಾಯಿಲೆ ಇದ್ದರೆ ಬೋರೊನೇಟ್ ಕೂಡ ತಪ್ಪು ಹೇಳುತ್ತದೆ, ಅವರಿಗೆ ಫ್ರಕ್ಟೊಸಮೈನೇ ಮೇಲು.

ತೋಳಿಗೆ ಅಂಟಿಸುವ 14 ದಿನದ ಸೆನ್ಸರ್ ಚೆನ್ನಾಗಿದೆ, ನಮ್ಮ ಬಜೆಟ್‌ಗೆ ಆಗುವುದಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಬೋರೊನೇಟ್, ನಡುವೆ ಮೀಟರ್. ಮೀಟರ್ ನೋಡುವುದು ಅವ್ವನಿಗೆ ರೂಢಿಯಾಗಿದೆ, ಖರ್ಚೂ ಕಡಿಮೆ. ಈ ಹಿಮೋಗ್ಲೋಬಿನ್ ‘ಡಿ’ ಮಕ್ಕಳಿಗೂ ಬರಬಹುದು, ಅದಕ್ಕೆ ನಾನೂ ತಮ್ಮನೂ ಟೆಸ್ಟ್ ಮಾಡಿಸುತ್ತಿದ್ದೇವೆ.